ಇಂಗ್ಲೆಂಡಿನಲ್ಲಿ ‘ಆ ಗಿರಾಕಿ ನಂಬಿಗಸ್ತ’ ಎಂದು ಪರಿಚಿತರು ಫೋನಿನಲ್ಲಿ ಕೊಟ್ಟ ಭರವಸೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಕರೆ ರೆಕಾರ್ಡ್ ಮಾಡಿದ್ದೇನೆ.

ನಿಲ್ಲುವುದು ಕಷ್ಟ. ಅವರು ಬೇಕೆಂದೇ ಸುಳ್ಳು ಹೇಳಿದ್ದರಂತೂ ರೆಕಾರ್ಡಿಂಗ್ ಇದ್ದೂ ಪ್ರಯೋಜನವಿಲ್ಲ. ಸಾಕ್ಷ್ಯವಿದ್ದರೆ ಸಾಕು ಎಂದು ನಾನೂ ನಂಬಿದ್ದೆ.

ಅಲ್ಲಿ ನನ್ನದು ದಿನಸಿಯ ಸಗಟು ವ್ಯಾಪಾರ. ಹೊಸ ಗಿರಾಕಿಯೊಬ್ಬ ದೊಡ್ಡ ಮೊತ್ತದ ಸರಕನ್ನು ಉದ್ದರಿ ಕೇಳಿದ. ಅವನನ್ನು ಬಲ್ಲ ವರ್ತಕರೊಬ್ಬರಿಗೆ ‘ಈತ ಹೇಗೆ?’ ಎಂದು ಇಮೇಲ್ ಕಳುಹಿಸಿದೆ. ಉತ್ತರ ಬರೆಯದೆ ಅವರು ಫೋನ್ ಮಾಡಿದರು: ‘ಆಸಾಮಿ ಗಟ್ಟಿ, ಕಣ್ಣುಮುಚ್ಚಿಕೊಂಡು ಕೊಡಿ.’ ದಿನಾಂಕ, ವೇಳೆ, ಅವರ ಮಾತು ಎಲ್ಲವನ್ನೂ ಡೈರಿಯಲ್ಲಿ ಬರೆದು ಕೆಳಗೆ ರುಜು ಹಾಕಿದೆ. ‘ನಾವು ಮಾತನಾಡಿದಂತೆ ಸರಕು ಕಳುಹಿಸುತ್ತಿದ್ದೇನೆ’ ಎಂದು ಇನ್ನೊಂದು ಇಮೇಲನ್ನೂ ಹಾಕಿದೆ. ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಲಾರಿ ತುಂಬಿಸಿದೆ.

ಗಿರಾಕಿ ನನ್ನ ಸರಕು ಮಾರಿ, ಬಂದ ಹಣದಲ್ಲಿ ಅದೇ ವರ್ತಕರ ಹಳೆಯ ಬಾಕಿ ತೀರಿಸಿ, ದಿವಾಳಿಯೆದ್ದ. ತಮ್ಮ ಸಾಲ ವಸೂಲಿಗೆ ನನ್ನ ಗೋದಾಮನ್ನು ಬಳಸಿಕೊಂಡಿದ್ದರು ಆ ಮಹಾನುಭಾವರು!

ವಕೀಲರು ಡೈರಿಯನ್ನು ತಮ್ಮತ್ತ ತಿರುಗಿಸಿಕೊಂಡು, ನನ್ನ ರುಜುವಿನ ಮೇಲೆ ಪೆನ್ನಿನ ತುದಿ ಇಟ್ಟು, ‘ಇದು ನಿಮ್ಮದು. ಅವರದು ಎಲ್ಲಿ?’ ಎಂದು ಕೇಳಿದರು. ಲಾರ್ಡ್ ಟೆಂಟರ್ಡನ್ ಕಾಯ್ದೆ ಎಂದು ಕರೆಯುವ 1828ರ ಕಾನೂನಿನ 6ನೇ ಸೆಕ್ಷನ್ ಪ್ರಕಾರ, ಇನ್ನೊಬ್ಬನ ನಡತೆ, ಸಾಲ ತೀರಿಸುವ ಶಕ್ತಿಯ ಬಗ್ಗೆ ಸುಳ್ಳು ಹೇಳಿ ಅವನಿಗೆ ಸಾಲವನ್ನೋ ಸರಕನ್ನೋ ಕೊಡಿಸಿದವರ ಮೇಲೆ ದಾವೆ ಹೂಡಬೇಕಾದರೆ, ಆ ಮಾತು ಬರಹದಲ್ಲಿರಬೇಕು, ಹೇಳಿದವರ ಸಹಿಯೂ ಇರಬೇಕು. ಇನ್ನೊಬ್ಬರ ಸಾಲಕ್ಕೆ ನಿಲ್ಲುವ ಜಾಮೀನಿಗೆ ಬರಹ ಬೇಕೆಂದು 1677ರ ಕಾಯ್ದೆಯೇ ಹೇಳಿತ್ತು. 1789ರ ಪಾಸ್ಲಿ–ಫ್ರೀಮನ್ ಮೊಕದ್ದಮೆಯ ನಂತರ ಜನ ಬಾಯಿಮಾತಿನ ಭರವಸೆಯನ್ನೇ ವಂಚನೆಯೆಂದು ಕರೆದು ಕೋರ್ಟಿಗೆ ಹೋಗತೊಡಗಿದರು. ಆ ಕಿಂಡಿ ಮುಚ್ಚಲು ಬಂದದ್ದು ಈ ಸೆಕ್ಷನ್.

ನಾನು ಎಡವಿದ್ದು ಬರೆದಿಡದೆ ಅಲ್ಲ. ಬರೆದದ್ದೆಲ್ಲ ನನ್ನ ಕಡೆಯದು. ಆ ಎರಡನೆಯ ಇಮೇಲಿಗೆ ‘ಹೌದು, ಸರಿ’ ಎಂದು ಅವರು ಒಂದು ಸಾಲು ಬರೆದು ಕೆಳಗೆ ಹೆಸರು ಹಾಕಿದ್ದರೆ ದಾರಿಯಿತ್ತು; ಹೆಸರಿರುವ ಇಮೇಲ್ ಸಹಿಗೆ ಸಮ ಎಂದು 2010ರಲ್ಲಿ ಹೈಕೋರ್ಟ್ ಒಪ್ಪಿದೆ. ಆ ಸಾಲಿಗೆ ಕಾಯದೆ ಸರಕು ಬಿಟ್ಟೆ. ಬರೆಯುವ ಬದಲು ಫೋನ್ ಮಾಡಿದಾಗಲೇ ನನಗೆ ವಾಸನೆ ಬಡಿಯಬೇಕಿತ್ತು.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಈ ಸೆಕ್ಷನ್ ವಂಚನೆಗೆ ಮಾತ್ರ ಅನ್ವಯ, ಅಜಾಗರೂಕ ಸಲಹೆಗಲ್ಲ ಎಂದು 1918ರ ಬ್ಯಾನ್‌ಬರಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅಂದರೆ ಗುರಾಣಿ ಸಿಗುವುದು ಬೇಕೆಂದೇ ಸುಳ್ಳು ಹೇಳಿದವನಿಗೆ! ಅಜಾಗರೂಕತೆ ಎಂದು ದಾವೆ ಹೂಡಲು ಆತ ತನ್ನ ಮಾತಿನ ಹೊಣೆ ಹೊತ್ತಿದ್ದನೆಂದು ತೋರಿಸಬೇಕು. ಪರಿಚಯದ ಮೇಲೆ ಫೋನಿನಲ್ಲಿ ಆಡಿದ ಮಾತಿಗೆ ಅದು ಸುಲಭವಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಶಿಫಾರಸು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂದು ಯೋಚಿಸುವ ಬದಲು, ಗಿರಾಕಿಯಿಂದ ಅವರಿಗೇ ಬಾಕಿ ಬರಬೇಕಿದೆಯೇ ಎಂದು ಮೊದಲು ವಿಚಾರಿಸಿ. ಆಮೇಲೆ ‘ಅವನು ಕೊಡದಿದ್ದರೆ ನಾನು ಕೊಡುತ್ತೇನೆ’ ಎಂದು ಸಹಿ ಹಾಕಿದ ಜಾಮೀನುಪತ್ರ ಕೇಳಿ. ಹಿಂಜರಿದರೆ ಮುಂಗಡ ಹಣ ಪಡೆದೇ ಸರಕು ಬಿಡಿ.