ಡ್ರಗ್ಸ್ ಪಾಲಿಸಿ ಕೆಲ್ಸಕ್ಕೆ ದಿಲ್ಲಿಗೇ ಹೋಗ್ಬೇಕಾ?
ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ಸ್) ಮುಗ್ಸಿ ಶಿರಸಿಲಿದೀನಿ, ಡ್ರಗ್ಸ್ ಪಾಲಿಸಿ ಕೆಲ್ಸಕ್ಕೆ ದಿಲ್ಲಿಗೇ ಹೋಗ್ಬೇಕಾ ಅಂತ ಕೇಳಿದ್ರಲ್ಲ, ಈಗ್ಲೇ ಬೇಡ ಮಾರಾಯ್ರೆ. ಮೊದ್ಲು ಒಂದೆರಡು ವರ್ಷ ಯಾವ್ದಾದ್ರೂ ಡಿ-ಅಡಿಕ್ಷನ್ ಸೆಂಟರಲ್ಲಿ ಕೌನ್ಸೆಲಿಂಗ್ ಮಾಡಿ, ಬಿಟ್ಟವ್ರು ಮತ್ತೆ ಯಾಕೆ ಶುರು ಮಾಡ್ತಾರೆ ಅಂತ ಕಣ್ಣಾರೆ ನೋಡ್ದೆ ಪಾಲಿಸಿ ಬರೆದ್ರೆ ಬರೀ ಭಾಷಣ ಆಗ್ತದೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಓದಿ, ಅದ್ರಲ್ಲೂ 64ಎ ಸೆಕ್ಷನ್. ಸೇವನೆ ಅಥ್ವಾ ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗೇ ಸರ್ಕಾರಿ ಅಥ್ವಾ ಮಾನ್ಯತೆ ಇರೋ ಕಡೆ ಚಿಕಿತ್ಸೆ ತಗೊಂಡ್ರೆ ಪ್ರಾಸಿಕ್ಯೂಷನ್ನಿಂದ ವಿನಾಯ್ತಿ ಇದೆ, ಆದ್ರೆ ಚಿಕಿತ್ಸೆ ಅರ್ಧಕ್ಕೆ ಬಿಡೋ ಹಾಗಿಲ್ಲ. ನಾನು ಮಾತಾಡಿದ ಎಷ್ಟೋ ಅಪ್ಪ-ಅಮ್ಮಂದ್ರಿಗೆ ಇದು ಗೊತ್ತೇ ಇಲ್ಲ, ಪೊಲೀಸ್ರಿಗೆ ಹೆದ್ರಿ ಮುಚ್ಚಿಡ್ತಾರೆ.

ಇನ್ನೊಂದು, ನಮ್ಮ ಕಾರವಾರದ ಕಡೆ ಗಾಂಜಾಗಿಂತ ಮೊದ್ಲು ಗೋವಾ ಸಾರಾಯಿ ಮಾತೇ ಬರೋದು, ಗೋವಾ ಗಡಿಯ ಮಾಜಾಳಿ ದಾಟಿದ್ರೆ ರೇಟೇ ಬೇರೆ. ಟ್ಯಾಕ್ಸ್ ವ್ಯತ್ಯಾಸ ಕುಡಿತದ ಮೇಲೆ ಏನು ಮಾಡ್ತದೆ ಅಂತ ಅಭ್ಯಾಸ ಮಾಡಿ, ಅದೂ ಪಾಲಿಸಿನೇ. ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಮಕ್ಕಳ ಹತ್ರ ಪ್ರತಿಜ್ಞೆ ಮಾಡ್ಸಿ ಫೋಟೋ ಹಾಕೋದು ಪ್ರಿವೆನ್ಷನ್ ಅಂತ ನಂಗೇನೂ ಅನ್ಸಲ್ಲ (ನಾನೂ ಮಾಡ್ಸಿದೀನಿ, ಬಿಡಿ). ಬೆಂಗಳೂರಿನ ನಿಮ್ಹಾನ್ಸಲ್ಲಿ ಅಡಿಕ್ಷನ್ ಮೆಡಿಸಿನ್ ಸೆಂಟರ್ ಇದೆ, ಟ್ರೇನಿಂಗ್ ಬಗ್ಗೆ ಅಲ್ಲಿ ಕೇಳ್ನೋಡಿ. ದಿಲ್ಲಿ ಆಮೇಲೆ.