ಕುಂಬಳಕಾಯಿ ಕದಿಯದವರ ಹೆಗಲು: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಹುಣಸೂರು ಕಡೆಯ ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು ಆಧಾರ್‌ನ ಅಪಾಯಗಳ ಬಗ್ಗೆ ಬರೆದದ್ದು ಅವರಿಗೆ ಹಿಡಿಸಿಲ್ಲ. ಪತ್ರದ ಸಾರ ಇಷ್ಟು: 'ನೀವು ಪೇಟೆಯವರು ಸುಮ್ನೆ ಜನರನ್ನು ಹೆದರಿಸುತ್ತೀರಿ. ಸತ್ತವರ ಹೆಸರಲ್ಲಿ ಪಿಂಚಣಿ ಹೋಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡವನು. ಅದು ನಿಂತದ್ದು ಆಧಾರ್ ಬಂದ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕದ್ದವನು ಮಾತ್ರ. ನಾನು ಕದ್ದಿಲ್ಲ, ನನಗೇನು ಭಯ? ಅಷ್ಟಕ್ಕೂ ನಿಮ್ಮ ಮೊಬೈಲಿಗೆ ನಿಮ್ಮ ಬಗ್ಗೆ ಗೊತ್ತಿಲ್ಲದ್ದು ಏನಿದೆ?'

ಇದು ಸುಳ್ಳು ಹೆಸರಿನ ಪತ್ರ ಅಲ್ಲ ಅಂತ ನಮಗೆ ಖಾತ್ರಿಯಾಗಲಿ ಅಂತ ಅವರು ತಮ್ಮ ಆಧಾರ್ ಕಾರ್ಡಿನ ಜೆರಾಕ್ಸನ್ನೂ ಲಗತ್ತಿಸಿದ್ದಾರೆ.

ಸರ್, ಮೊದಲು ಆ ಜೆರಾಕ್ಸ್ ವಿಷಯ. ಅದನ್ನು ನಾವು ಕೇಳಿರಲಿಲ್ಲ. ನಿಮ್ಮ ಮಾತೇ ಸಾಕಿತ್ತು. ಆದರೂ ನೀವು ಕಳಿಸಿದಿರಿ, ಏಕೆಂದರೆ ಈಗ ನಾವೆಲ್ಲ ಹಾಗೆ ಆಗಿದ್ದೇವೆ: ಅನುಮಾನ ಪಡುವ ಮೊದಲೇ ಪುರಾವೆ ತೆಗೆದು ಮೇಜಿನ ಮೇಲೆ ಇಟ್ಟುಬಿಡುತ್ತೇವೆ. ಕುಂಬಳಕಾಯಿ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಂಡದ್ದು ನೀವೇ ಅಲ್ವಾ? ತಮಾಷೆಗೆ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ. ಪತ್ರ ಓದಿದ ಮೇಲೆ ನಮ್ಮ ಕಚೇರಿಯ ಬೀರು ತೆಗೆಸಿ ನೋಡಿದೆ. ಗೌರವಧನ ಕಳಿಸುವ ನೆಪದಲ್ಲಿ ವರ್ಷಗಳಿಂದ ಲೇಖಕರಿಂದ ಇಸಿದುಕೊಂಡ ಆಧಾರ್ ಜೆರಾಕ್ಸ್‌ಗಳ ಒಂದು ದಪ್ಪ ಫೈಲು ಅಲ್ಲಿತ್ತು. ಬೀರುವಿಗೆ ಬೀಗ ಇರಲಿಲ್ಲ. ಯಾಕೆ ಇಸಿದುಕೊಂಡಿರಿ ಅಂತ ಕಚೇರಿಯವರನ್ನು ಕೇಳಿದರೆ 'ಎಲ್ಲರೂ ತಗೋತಾರೆ ಸರ್' ಅಂದರು. ಹಾಗಾಗಿ ಈ ಉತ್ತರವನ್ನು ತಪ್ಪಿತಸ್ಥರ ಕಡೆ ನಿಂತೇ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಮಾತು ನಿಜ. ಸತ್ತವರ ಪಿಂಚಣಿ, ಇಲ್ಲದವರ ರೇಷನ್ ಕಾರ್ಡು, ಇದೆಲ್ಲ ನಡೆಯುತ್ತಿತ್ತು. ಒಂದು ಕಾಗದವೂ ಇಲ್ಲದೆ ಊರೂರು ಅಲೆದು ದುಡಿಯುವವನಿಗೆ 'ನಾನು ಇಂಥವನು' ಅಂತ ಹೇಳಿಕೊಳ್ಳಲು ಆಧಾರ್ ಒಂದು ಆಸರೆ ಆಯಿತು, ಅದನ್ನೂ ನಾನು ಅಲ್ಲಗಳೆಯುವುದಿಲ್ಲ. ಕಾರ್ಡಿನ ಮೇಲೆ ನನಗೆ ಸಿಟ್ಟಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗಿನಿಂದ ಹೆಂಗಸರು ಬಸ್ಸಿನಲ್ಲಿ ಆಧಾರ್ ತೋರಿಸುತ್ತಾರೆ. ಕಂಡಕ್ಟರ್ ಕರ್ನಾಟಕದ ವಿಳಾಸ ಇದೆಯಾ ಅಂತ ಒಂದು ಕಣ್ಣು ಹಾಯಿಸುತ್ತಾರೆ, ಟಿಕೆಟ್ ಕೊಡುತ್ತಾರೆ, ಮುಂದಿನ ಸ್ಟಾಪಿನ ಹೊತ್ತಿಗೆ ಮರೆತಿರುತ್ತಾರೆ. ಇದರಿಂದ ಯಾರಿಗೂ ಏನೂ ಆಗಲ್ಲ. ನೋಡಿ ಮರೆಯುವ ಕಣ್ಣು ಬೇರೆ, ನೋಡಿ ಬರೆದಿಟ್ಟುಕೊಳ್ಳುವ ಯಂತ್ರ ಬೇರೆ. ನನ್ನ ತಕರಾರು ಎರಡನೆಯದರ ಬಗ್ಗೆ.

ನೀವು ಗ್ರಾಮ ಲೆಕ್ಕಿಗರಾಗಿದ್ದವರು. ಯಾರ ಜಮೀನು ಅಡವಿದೆ, ಯಾರ ಮನೆಯಲ್ಲಿ ಪಾಲು ಆಗಿಲ್ಲ, ಯಾವ ಹೆಂಗಸನ್ನು ಗಂಡ ಬಿಟ್ಟಿದ್ದಾನೆ, ಎಲ್ಲ ನಿಮಗೆ ಗೊತ್ತಿತ್ತು. ಊರಿನವರು ಅದಕ್ಕೆ ಹೆದರಲಿಲ್ಲ. ಯಾಕೆ? ನಿಮಗೆ ಗೊತ್ತಿದ್ದದ್ದು ಆಸ್ಪತ್ರೆಯವರಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯವರಿಗೆ ಗೊತ್ತಿದ್ದದ್ದು ಬ್ಯಾಂಕಿನವರಿಗೆ ಗೊತ್ತಿರಲಿಲ್ಲ. ಒಂದು ಕಚೇರಿಗೆ ಇನ್ನೊಂದು ಕಚೇರಿಯ ಸುದ್ದಿ ತಿಳಿಯದೆ ಇರುವುದನ್ನು ನಾವು ಸರ್ಕಾರದ ಸೋಮಾರಿತನ ಅಂತ ಬೈಯುತ್ತಿದ್ದೆವು, ಆದರೆ ನಮ್ಮನ್ನು ಕಾಯುತ್ತಿದ್ದದ್ದು ಸ್ವಲ್ಪ ಮಟ್ಟಿಗೆ ಆ ಸೋಮಾರಿತನವೇ. ಈಗ ಪಡಿತರ, ಪಹಣಿ, ಪ್ಯಾನ್, ವಿದ್ಯಾರ್ಥಿವೇತನ, ಎಲ್ಲಕ್ಕೂ ಒಂದೇ ಹನ್ನೆರಡು ಅಂಕಿ. ನಮ್ಮ ರಾಜ್ಯದಲ್ಲೇ 'ಕುಟುಂಬ' ಅಂತ ಒಂದು ದತ್ತಾಂಶ ವ್ಯವಸ್ಥೆ ಇದೆ, ಮನೆಮಂದಿಯ ವಿವರ ಒಂದೇ ಕಡೆ ಸಿಗಲಿ ಅಂತ ಮಾಡಿದ್ದು. ಯೋಜನೆಯ ಹಣ ಬೇಗ ತಲುಪಲಿ ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಬೇರೆ ಬೇರೆ ಬೀರುಗಳಲ್ಲಿದ್ದ ಕಾಗದಕ್ಕೆಲ್ಲ ಒಂದೇ ದಾರ ಪೋಣಿಸಿದ ಮೇಲೆ ಆ ದಾರದ ತುದಿ ಯಾರ ಕೈಯಲ್ಲಿದೆ ಅಂತ ಕೇಳುವುದು ತಪ್ಪಾ?

ಈ ಭಯ ನನ್ನ ಕಲ್ಪನೆಯಲ್ಲ. ಇಂಗ್ಲೆಂಡಿನ ಕಥೆ ಕೇಳಿ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಅಲ್ಲಿ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟರು. ಕಾರಣ ಮೂರು: ಸೈನ್ಯಕ್ಕೆ ಜನ ಬೇಕು, ದೇಶದ ಭದ್ರತೆ ನೋಡಬೇಕು, ರೇಷನ್ ಹಂಚಬೇಕು. (ಅಲ್ಲೂ ರೇಷನ್, ಗಮನಿಸಿ.) 1945ರಲ್ಲಿ ಯುದ್ಧ ಮುಗಿಯಿತು, ಚೀಟಿ ಮುಗಿಯಲಿಲ್ಲ. 1950ರ ಹೊತ್ತಿಗೆ ಮೂರು ಉಪಯೋಗ ಇದ್ದದ್ದು 39 ಆಗಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಲಂಡನ್ನಿನ ಉತ್ತರ ಭಾಗದಲ್ಲಿ ಕಾರು ಓಡಿಸುತ್ತಿದ್ದ ಕ್ಲಾರೆನ್ಸ್ ವಿಲ್ಕಾಕ್ ಎಂಬವನನ್ನು ಪೊಲೀಸು ನಿಲ್ಲಿಸಿ ಚೀಟಿ ಕೇಳಿದ. ವಿಲ್ಕಾಕ್ ತೋರಿಸಲ್ಲ ಅಂದ. ಕೇಸಾಯಿತು. ಕಾನೂನಿನ ಪ್ರಕಾರ ವಿಲ್ಕಾಕ್ ಸೋತ. ಆದರೆ ಮೇಲ್ಮನವಿ ಕೇಳಿದ ಮುಖ್ಯ ನ್ಯಾಯಮೂರ್ತಿ ಗೊಡಾರ್ಡ್ ಅವರು, ಯುದ್ಧಕ್ಕೆ ಅಂತ ತಂದ ಕಾನೂನನ್ನು ಸಿಕ್ಕ ಸಿಕ್ಕವರಿಗೆ ಹೀಗೆ ಬಳಸಿದರೆ ಕಾನೂನಿಗೆ ತಲೆಬಾಗುವ ಜನರನ್ನೇ ಕಾನೂನು ಮುರಿಯುವವರನ್ನಾಗಿ ಮಾಡಿದಂತಾಗುತ್ತದೆ ಅಂತ ಪೊಲೀಸರಿಗೇ ಚಾಟಿ ಬೀಸಿದರು. 1952ರ ಫೆಬ್ರವರಿಯಲ್ಲಿ ಚೀಟಿ ರದ್ದಾಯಿತು. 2006ರಲ್ಲಿ ಇನ್ನೊಂದು ಸರ್ಕಾರ ಹೊಸ ಗುರುತಿನ ಚೀಟಿಯ ಕಾನೂನು ತಂತು, 2010ರಲ್ಲಿ ಮುಂದಿನ ಸರ್ಕಾರ ಅದನ್ನೂ ಕಿತ್ತುಹಾಕಿತು.

ವಿಲ್ಕಾಕ್ ಕದ್ದದ್ದೇನೂ ಇರಲಿಲ್ಲ, ಅದು ಮುಖ್ಯ.

ನಮ್ಮಲ್ಲೂ ಕೋರ್ಟಿಗೆ ಹೋದವರು ಒಬ್ಬ ವೃದ್ಧರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿಯವರೂ ಬೆಂಗಳೂರಿನವರು, ಅದನ್ನು ಪ್ರಶ್ನಿಸಿದವರೂ ಬೆಂಗಳೂರಿನವರು. ವಿಚಾರಣೆಯಲ್ಲಿ ಕೇಂದ್ರ ಸರ್ಕಾರ ಏನಂದಿತು ಗೊತ್ತಾ? ಖಾಸಗಿತನ ಅನ್ನುವುದು ಮೂಲಭೂತ ಹಕ್ಕೇ ಅಲ್ಲ ಅಂತ. ಹಳೆಯ ಎರಡು ತೀರ್ಪುಗಳನ್ನು ಹಿಡಿದುಕೊಂಡು ಹಾಗೆ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಅದು ಮೂಲಭೂತ ಹಕ್ಕೇ ಅಂದರು. ಇವತ್ತು ನಮಗೆ ಆ ಹಕ್ಕು ಇದೆ ಅಂತ ಧೈರ್ಯವಾಗಿ ಹೇಳುವುದಕ್ಕೆ ಕಾರಣ ಆ ಅಜ್ಜ. 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರೂ ಕುಂಬಳಕಾಯಿ ಕದ್ದವರಲ್ಲ.

ಆದರೆ ಅವರು ಪೂರ್ತಿ ಗೆದ್ದರು ಅಂತಲೂ ಹೇಳಲಾಗದು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಐವರಲ್ಲಿ ನಾಲ್ವರು ಆಧಾರ್ ಸಂವಿಧಾನಬದ್ಧ ಅಂದರು. ಇದರಲ್ಲಿ ಕೂಡಿಡುವ ಮಾಹಿತಿ ಕಡಿಮೆ, ಯಾವ ಕೆಲಸಕ್ಕೆ ಬೆರಳೊತ್ತಿದಿರಿ ಅನ್ನುವುದು ಪ್ರಾಧಿಕಾರಕ್ಕೆ ತಿಳಿಯುವುದಿಲ್ಲ, ಹಾಗಾಗಿ ಜನರ ಮೇಲೆ ಕಣ್ಣಿಡುವ ಯಂತ್ರ ಇದಲ್ಲ ಅನ್ನುವುದು ಅವರ ಮಾತು. ಸರ್ಕಾರದ ಸವಲತ್ತಿಗೆ ಮತ್ತು ಪ್ಯಾನ್‌ಗೆ ಆಧಾರ್ ಕೇಳಬಹುದು, ಬ್ಯಾಂಕ್ ಖಾತೆಗೆ ಮತ್ತು ಸಿಮ್‌ಗೆ ಕಡ್ಡಾಯ ಮಾಡುವಂತಿಲ್ಲ ಅಂದರು. ಬೆರಳೊತ್ತಿದ ದಾಖಲೆಯನ್ನು ಐದು ವರ್ಷ ಇಟ್ಟುಕೊಳ್ಳುವ ನಿಯಮವನ್ನು ಆರು ತಿಂಗಳಿಗೆ ಇಳಿಸಿದರು. ಒಬ್ಬರೇ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಇಡೀ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಅಂತ ಬರೆದರು. ನನಗೆ ಕೇಳಿದರೆ ಬಹುಮತದವರು ನೋಡಿದ್ದು ಪ್ರಾಧಿಕಾರದ ಒಂದು ಬೀರು. ಆ ನಂಬರು ಊರೂರಿನ ಸಾವಿರ ಬೀರುಗಳಲ್ಲಿ ಕೂತಿರುವುದು ಅವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ.

ಅದಕ್ಕೆ ಉದಾಹರಣೆ ಬೇಕು ಅಂದರೆ ಮಂಗಳೂರು. 2023ರಲ್ಲಿ ಅಲ್ಲಿ ಆಸ್ತಿ ರಿಜಿಸ್ಟರ್ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ದುಡ್ಡು ಹೋಯಿತು. ಒಟಿಪಿ ಬರಲಿಲ್ಲ, ಯಾರೂ ಫೋನ್ ಮಾಡಿ ಮೋಸ ಮಾಡಲಿಲ್ಲ. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಆ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ, ಹಳ್ಳಿಯವರಿಗೆ ಅನುಕೂಲ ಆಗಲಿ ಅಂತ ತಂದ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ವ್ಯವಸ್ಥೆಯಿಂದಲೇ ಎಳೆದುಕೊಂಡರು. ಆಧಾರ್‌ನ ಕೇಂದ್ರ ಕಂಪ್ಯೂಟರಿಗೆ ಯಾರೂ ನುಗ್ಗಬೇಕಾಗಲಿಲ್ಲ, ಅದು ಭದ್ರವಾಗಿಯೇ ಇತ್ತು. ಹೋದದ್ದು ಜನರ ದುಡ್ಡು. ಎಟಿಎಂ ಪಿನ್ ಕಳೆದರೆ ಬದಲಾಯಿಸಬಹುದು, ಹೆಬ್ಬೆಟ್ಟು ಬದಲಾಯಿಸುವುದು ಹೇಗೆ ಸರ್?

ಇನ್ನು ಜೆರಾಕ್ಸ್. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಸಿಕ್ಕ ಸಿಕ್ಕವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ ಅಂತ ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ, ಜನ ತಪ್ಪು ತಿಳಿಯಬಹುದು ಅಂತ ಅದನ್ನು ವಾಪಸ್ ಪಡೆಯಿತು. ಹೇಳಿದ್ದು ಸರಿಯಾಗಿಯೇ ಇತ್ತು, ವಾಪಸ್ ಪಡೆದದ್ದೇ ನನಗೆ ತಪ್ಪಾಗಿ ಕಂಡಿತು.

ಮೊಬೈಲ್ ಬಗ್ಗೆ ಕೇಳಿದಿರಿ. ಹೌದು, ಅದಕ್ಕೆ ಜಾಸ್ತಿಯೇ ಗೊತ್ತು. ಆದರೆ ಮೊಬೈಲ್ ಕಂಪನಿ ನನ್ನ ಅಕ್ಕಿ ನಿಲ್ಲಿಸಲ್ಲ. ಸರ್ಕಾರ ನಿಲ್ಲಿಸಬಹುದು.

ನಿಜವಾಗಿ ನನ್ನನ್ನು ಕಾಡುವುದು ಕಳ್ಳತನಕ್ಕಿಂತ ಇದೇ. ನೀವು ಕೆಲಸದಲ್ಲಿದ್ದಾಗ ಯಾವುದೋ ಅಜ್ಜಿಯ ಹೆಸರು ಪಟ್ಟಿಯಿಂದ ಬಿಟ್ಟುಹೋದರೆ ಆಕೆ ಸೀದಾ ನಿಮ್ಮ ಚಾವಡಿಗೆ ಬರುತ್ತಿದ್ದಳು. ಜಗಲಿ ಮೇಲೆ ಕೂತು ಬೈಯುತ್ತಿದ್ದಳು. 'ನಾನು ಬದುಕಿದ್ದೀನಿ ಕಣಪ್ಪಾ, ನೋಡು' ಅನ್ನುತ್ತಿದ್ದಳು. ನೀವು ನೋಡುತ್ತಿದ್ದಿರಿ, ತಿದ್ದುತ್ತಿದ್ದಿರಿ, ತಿದ್ದದಿದ್ದರೆ ತಹಶೀಲ್ದಾರರ ಹತ್ತಿರ ಹೋಗುತ್ತಾಳೆ ಅನ್ನುವ ಅಂಜಿಕೆಯಾದರೂ ನಿಮಗಿತ್ತು. ಈಗ ಅದೇ ಅಜ್ಜಿ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಡುತ್ತಾಳೆ. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳು ಅದು. ಯಂತ್ರ ಇವಳು ಅವಳಲ್ಲ ಅನ್ನುತ್ತದೆ. ಅಂಗಡಿಯವನು 'ಸರ್ವರ್ ತಗೋತಿಲ್ಲ ಅಜ್ಜಿ, ನಾಳೆ ಬಾ' ಅನ್ನುತ್ತಾನೆ. ಅವನ ತಪ್ಪೂ ಅಲ್ಲ ಪಾಪ. ಅಜ್ಜಿ ಯಾರಿಗೆ ಬೈಯಬೇಕು? ಸರ್ವರ್‌ಗೆ ಜಗಲಿ ಇಲ್ಲ. ಬೆರಳು ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದು ಅಂತ ಕೇಂದ್ರ ಸರ್ಕಾರವೇ 2017ರಲ್ಲಿ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಅದು ಅಜ್ಜಿಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಆ ಕಡೆಯವರಿಗೆ ನಮ್ಮದೆಲ್ಲ ಕಾಣುತ್ತದೆ, ನಮಗೆ ಆ ಕಡೆ ಯಾರಿದ್ದಾರೆ ಅನ್ನುವುದೇ ಕಾಣುವುದಿಲ್ಲ. ನಾಗರಿಕ ಸ್ವಾತಂತ್ರ್ಯ ಅನ್ನುವ ದೊಡ್ಡ ಮಾತಿಗೆ ನನ್ನ ಮಟ್ಟಿಗೆ ಅರ್ಥ, ಆ ಅಜ್ಜಿಗೆ ಬೈಯಲು ಒಂದು ಜಾಗ ಇರುವುದು.

ಎಸ್ಟೋನಿಯಾ ಅನ್ನುವ ಪುಟ್ಟ ದೇಶದಲ್ಲಿ ಗುರುತಿನ ಕಾರ್ಡು ಕಡ್ಡಾಯ. ಅಲ್ಲಿನವರು ತಮ್ಮ ಮಾಹಿತಿಯನ್ನು ಯಾವ ಸರ್ಕಾರಿ ಕಚೇರಿ ತೆಗೆದು ನೋಡಿತು ಅಂತ ಕೂತಲ್ಲೇ ಪರೀಕ್ಷಿಸಬಹುದು, ಕಾರಣ ಇಲ್ಲದೆ ನೋಡಿದವರ ಮೇಲೆ ದೂರು ಕೊಡಬಹುದು. ಅಂಥದ್ದು ಇದ್ದರೆ ಕಾರ್ಡನ್ನು ಕೊರಳಿಗೆ ನೇತುಹಾಕಿಕೊಳ್ಳಲೂ ನಾನು ತಯಾರು. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂತು. ಆದರೆ ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳನ್ನು ಭದ್ರತೆ, ಶಾಂತಿ ಸುವ್ಯವಸ್ಥೆಯಂಥ ಕಾರಣ ಕೊಟ್ಟು ಅದರಿಂದ ಹೊರಗಿಡುವ ಅಧಿಕಾರವನ್ನೂ ಅದೇ ಕಾಯ್ದೆಯಲ್ಲಿ ಬರೆದುಕೊಂಡಿತು. ಬೇಲಿ ಹಾಕಿ ಗೇಟಿನ ಬೀಗದ ಕೈ ತಾನೇ ಇಟ್ಟುಕೊಂಡ ಹಾಗೆ.

ಅಲ್ಲಿಯವರೆಗೆ ನಮ್ಮ ಕೈಲಾದದ್ದು ಸ್ವಲ್ಪ ಇದೆ. ಲಾಡ್ಜಿನಲ್ಲೋ ಕೊರಿಯರ್ ಅಂಗಡಿಯಲ್ಲೋ ಕೇಳಿದರೆ ಬೇರೆ ಗುರುತಿನ ಚೀಟಿ ಕೊಡಿ, ಇಲ್ಲವೇ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಅದು ಸಿಗುತ್ತದೆ. ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಡಿ, ರೇಷನ್ ದಿನ ತೆಗೆದರಾಯಿತು. ಮೊಮ್ಮಕ್ಕಳಿದ್ದರೆ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಎಲ್ಲೆಲ್ಲಿ ನಿಮ್ಮ ಆಧಾರ್ ಪರಿಶೀಲನೆ ಆಗಿದೆ ಅನ್ನುವ ಆರು ತಿಂಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ, ಒಮ್ಮೆ ತೆಗೆದು ನೋಡಿ. ನಾನು ತೆಗೆದಾಗ ನನಗೆ ನೆನಪೇ ಇಲ್ಲದ ಎರಡು ಸಾಲು ಇದ್ದವು.

ನಿಮ್ಮ ಜೆರಾಕ್ಸನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸಿದ್ದೇನೆ. ಲೇಖಕರ ಫೈಲನ್ನು ಕೂತು ಒಂದೊಂದೇ ಹರಿದೆವು, ಮಧ್ಯಾಹ್ನವೆಲ್ಲ ಹಿಡಿಯಿತು. ನೀವು ಇನ್ನೊಂದು ಪತ್ರ ಬರೆಯಿರಿ, ಇದಕ್ಕಿಂತ ಖಾರವಾಗಿದ್ದರೂ ಪರವಾಗಿಲ್ಲ. ಹೆಸರು ಮತ್ತು ಊರು ಸಾಕು.

ಸಂಪಾದಕ