ಹಕ್ಕಿ ನೋಡುವುದರಲ್ಲಿ ಅಂಥ ಖುಷಿ ಏನಿದೆ? ಹೊಸಬರು ಎಲ್ಲಿಂದ ಶುರು ಮಾಡಬೇಕು?

ಬೈನಾಕ್ಯುಲರ್ ತಗೊಂಡು ಎರಡು ಭಾನುವಾರ ಅಲೆದರೂ ಕಾಗೆ, ಗೊರವಂಕ ಬಿಟ್ಟರೆ ಬೇರೇನೂ ಕಾಣಲಿಲ್ಲ ಅಂತ ಬರೆದಿದ್ದೀರಿ. ದಯವಿಟ್ಟು ಕೈಬಿಡಬೇಡಿ. ಆ ಗೊರವಂಕದಿಂದಲೇ ಶುರು ಮಾಡಿ.

ನನಗೆ ಈ ಹುಚ್ಚು ಹಿಡಿಸಿದ್ದು ಒಂದು ಕೂಗು. ಕಿಟಕಿಯಾಚೆಯ ಪೊದೆಯಿಂದ ದಿನಾ ಬೆಳಿಗ್ಗೆ ಟುವ್ವಿ, ಟುವ್ವಿ, ಟುವ್ವಿ ಅಂತ ಬಿಡದೆ ಬರುತ್ತಿತ್ತು. ವರ್ಷಗಟ್ಟಲೆ ಕಿವಿಗೆ ಬಿದ್ದಿದ್ದರೂ ನಾನದನ್ನು ಕೇಳಿಸಿಕೊಂಡಿರಲಿಲ್ಲ. ಜ್ವರ ಬಂದು ಮಲಗಿದ್ದ ಒಂದು ದಿನ, ಇಷ್ಟು ಜೋರಾಗಿ ಕೂಗುವುದು ಪಾರಿವಾಳದಷ್ಟಾದರೂ ಇರಬೇಕು ಅಂದುಕೊಂಡು ಹುಡುಕಿದೆ. ಸಿಕ್ಕಿದ್ದು ಗುಬ್ಬಚ್ಚಿಗಿಂತಲೂ ಪುಟ್ಟದು, ಸುಮಾರು 6ರಿಂದ 10 ಗ್ರಾಂ ತೂಗುವ ಜೀವ. ಬೆನ್ನು ಎಲೆಹಸಿರು, ನೆತ್ತಿ ಇಟ್ಟಿಗೆಗೆಂಪು, ಬಾಲ ನೆಟ್ಟಗೆ ಮೇಲಕ್ಕೆ. ಒಂದೊಂದು ಕೂಗಿಗೂ ಕತ್ತಿನ ಪಕ್ಕದಲ್ಲಿ ಕಪ್ಪು ಮಚ್ಚೆಯೊಂದು ಕಂಡು ಮಾಯವಾಗುತ್ತಿತ್ತು. ಅದು ಗರಿಯ ಬಣ್ಣವಲ್ಲ, ಕೂಗುವಾಗ ಗರಿಗಳ ನಡುವೆ ಇಣುಕುವ ಚರ್ಮ ಅಂತ ಆಮೇಲೆ ತಿಳಿಯಿತು. ಕೂಗೇ ಅದರ ಹೆಸರು, ಟುವ್ವಿ ಹಕ್ಕಿ. ಸಿಂಪಿಗ ಅಂತಲೂ ಕರೆಯುತ್ತಾರೆ: ಎಲೆಯಂಚಿಗೆ ಕೊಕ್ಕಿನಿಂದ ತೂತು ಕೊರೆದು, ಜೇಡರಬಲೆಯ ಎಳೆ, ಗಿಡದ ನಾರು ತೂರಿಸಿ, ಹೊಲಿದು ಗೂಡು ಮಾಡುತ್ತದೆ. ಅವತ್ತಿನಿಂದ ಆ ಪೊದೆ ನನಗೆ ಬರೀ ಪೊದೆಯಾಗಿ ಕಂಡಿಲ್ಲ.

ಖುಷಿ ಅಂದರೆ ನನಗೆ ಇದು. ಎಷ್ಟು ಬಗೆ ನೋಡಿದೆ ಅನ್ನುವ ಪಟ್ಟಿ ಆಮೇಲೆ ತಾನಾಗೇ ಬೆಳೆಯುತ್ತದೆ.

ಗೊರವಂಕವನ್ನೇ ಹತ್ತು ನಿಮಿಷ ನೋಡಿ. ಗುಬ್ಬಚ್ಚಿಯ ಹಾಗೆ ಕುಪ್ಪಳಿಸುವುದಿಲ್ಲ, ಒಂದರ ಮುಂದೊಂದು ಕಾಲಿಟ್ಟು ನಡೆಯುತ್ತದೆ. ಕೂತಾಗ ಕಂದು, ರೆಕ್ಕೆ ಬಿಚ್ಚಿದರೆ ದೊಡ್ಡ ಬಿಳಿ ಪಟ್ಟೆ. ಹೀಗೆ ಒಂದನ್ನು ಚೆನ್ನಾಗಿ ಬಲ್ಲವರಾದರೆ ಅದೇ ನಿಮ್ಮ ಅಳತೆಗೋಲು. ಹೊಸದೇನಾದರೂ ಕಂಡಾಗ, ಗೊರವಂಕಕ್ಕಿಂತ ದೊಡ್ಡದೋ ಚಿಕ್ಕದೋ, ಕೊಕ್ಕು ಅದಕ್ಕಿಂತ ಮೊಂಡೋ ಚೂಪೋ, ಬಾಲ ಕುಣಿಸುತ್ತದೋ ಇಲ್ಲವೋ ಅಂತ ಅಲ್ಲೇ ಬರೆದುಕೊಳ್ಳಿ. ಬಣ್ಣವನ್ನು ಕೊನೆಗೆ ನೋಡಿ, ಅದು ತುಂಬಾ ಮೋಸ ಮಾಡುತ್ತದೆ. ಮೈತುಂಬ ಬಿಳಿ ಚುಕ್ಕೆಯಿದ್ದ ಕಂದು ಹಕ್ಕಿಯೊಂದನ್ನು ನಾನು ವಾರಗಟ್ಟಲೆ ಬೇರೇನೋ ಅಂದುಕೊಂಡಿದ್ದೆ. ಅದು ಹೆಣ್ಣು ಕೋಗಿಲೆ! ಕುಹೂ ಅನ್ನುವ ಕಪ್ಪು ಹಕ್ಕಿ ಗಂಡು.

ಬೈನಾಕ್ಯುಲರ್ 8×42 ಆದರೆ ಸಾಕು. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. 12 ಪಟ್ಟಿನದರಲ್ಲಿ ಕೈನಡುಕವೂ ಅಷ್ಟೇ ಹಿಗ್ಗಿ ಕಾಣುತ್ತದೆ. ಹಕ್ಕಿ ಸಿಗುತ್ತಿಲ್ಲ ಅಂದಿರಲ್ಲ, ಬಹುಶಃ ನೀವು ಮಸೂರದೊಳಗೇ ಹುಡುಕುತ್ತಿದ್ದೀರಿ. ಮೊದಲು ಬರಿಗಣ್ಣಿಗೆ ಕಾಣಲಿ; ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಸುಮ್ಮನೆ ಕೂತ ಕಾಗೆಯ ಮೇಲೆ ಅಭ್ಯಾಸ ಮಾಡಿ, ವಾರದಲ್ಲಿ ಕೈಗೆ ಬರುತ್ತದೆ. ಹೊತ್ತು ಹುಟ್ಟಿದ ಮೊದಲ ಎರಡು ಗಂಟೆಯೊಳಗೆ ಹೋಗಿ, ಒಂದೇ ಕಡೆ ಕೂತುಬಿಡಿ. ನೀವು ಅಲೆದಾಡಿದಷ್ಟೂ ಅವು ಅಡಗುತ್ತವೆ.

ಕೂಗು ಕೇಳಿ ಹೆಸರು ಸೂಚಿಸುವ ಮರ್ಲಿನ್ ಅನ್ನುವ ಆ್ಯಪ್ ಇದೆ, ಚೆನ್ನಾಗಿದೆ. ಆದರೆ ಮೊದಲು ನೀವೇ ಊಹಿಸಿ, ಆಮೇಲೆ ತೆರೆಯಿರಿ.

ಒಂದು ಕೇಳಿಕೆ. ಗೂಡು ಕಂಡರೆ ಹತ್ತಿರ ಹೋಗಬೇಡಿ, ಕೊಂಬೆ ಸರಿಸಿ ಫೋಟೋ ತೆಗೆಯಬೇಡಿ. ನೀವು ಅಲ್ಲಿ ನಿಂತಷ್ಟು ಹೊತ್ತು ತಾಯಿಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು, ಮರಿಯ ಹತ್ತಿರ ಬರಲಾರದೆ ಪಕ್ಕದ ಕೊಂಬೆಯಲ್ಲಿ ಕಾಯುತ್ತಿರುತ್ತದೆ.